ಕಾಟಯ್ಯನ ಅಂಗಾಲು

2025ರ ಫೆಬ್ರವರಿ 11, ಮಂಗಳವಾರ. ಮಧ್ಯಾಹ್ನ ಎರಡೂವರೆಯ ಹೊತ್ತಿಗೆ ಐಮಂಗಲ ಪೊಲೀಸ್ ಠಾಣೆಯ ಮೆಟ್ಟಿಲು ಹತ್ತಿ ಒಬ್ಬ ಹೆಂಗಸು ಬಂದಳು. ಕೂದಲು ಬಿಚ್ಚಿಹೋಗಿತ್ತು. ಬರಿಗಾಲು. ಸಾವಿನ ಮನೆಯಿಂದ ನೇರ ಎದ್ದು ಬಂದವಳೆಂದು ಬಾಗಿಲಲ್ಲಿದ್ದ ಕಾನ್‌ಸ್ಟೆಬಲ್ ಚಂದ್ರುವಿಗೆ ಯಾರೂ ಹೇಳಬೇಕಾಗಲಿಲ್ಲ. ಅವನು ಅವಳನ್ನು ತಡೆಯದೆ ಒಳಗೆ ಇನ್ಸ್‌ಪೆಕ್ಟರ್ ಜಬೀವುಲ್ಲಾ ಅವರ ಮುಂದೆ ಕರೆದುಕೊಂಡು ಹೋದ.

ಅವಳ ಹೆಸರು ರಂಜಿತಾ. ಚಿಕ್ಕಜಾಜೂರಿಗೆ ಕೊಟ್ಟಿದ್ದರು, ಗಂಡನಿಗೆ ರೈಲ್ವೆ ಹಳಿ ನೋಡುವ ಕೆಲಸ. ತವರು ಐಮಂಗಲದ ಆಚೆ ಗುಡ್ಡದ ಬುಡದಲ್ಲಿರುವ ಕಮರದಹಟ್ಟಿ. ಬೆಳಗ್ಗೆ ತಮ್ಮ ಜುಂಜೇಶ್ ಫೋನು ಮಾಡಿ, ಅಪ್ಪ ಗುಡ್ಡಕ್ಕೆ ಹೋದವನು ಅಲ್ಲೇ ತೀರಿಕೊಂಡಿದ್ದಾನೆ ಎಂದಿದ್ದ. ಅವಳು ಬಂದು ಅಪ್ಪನ ಕಾಲು ಹಿಡಿದುಕೊಂಡು ಅತ್ತಿದ್ದಳು. ಅತ್ತು ಎದ್ದವಳು ಯಾರಿಗೂ ಹೇಳದೆ ಹೆದ್ದಾರಿಯವರೆಗೆ ನಡೆದು, ಸಿಕ್ಕ ಆಟೋ ಹತ್ತಿ ಇಲ್ಲಿಗೆ ಬಂದಿದ್ದಳು.

"ಮಣ್ಣು ಮಾಡಾದು ನಿಲ್ಸಿ ಸಾರ್" ಎಂದಳು. "ಗುಂಡಿ ತೋಡ್ತಾ ಅವ್ರೆ."

ಯಾರ ಮೇಲೆ ಅನುಮಾನ ಎಂದು ಜಬೀವುಲ್ಲಾ ಕೇಳಿದರು. ಯಾರ ಮೇಲೂ ಇಲ್ಲ ಎಂದಳು. ಮತ್ತೆ ಯಾಕೆ ನಿಲ್ಲಿಸಬೇಕು ಎಂದು ಕೇಳಿದಾಗ ಸ್ವಲ್ಪ ಹೊತ್ತು ತನ್ನ ಅಂಗೈಯನ್ನೇ ನೋಡಿಕೊಂಡಳು.

"ನಮ್ಮಪ್ಪ ನಡೆಯಾಕೆ ಬಂದಾಗ್ಲಿಂದ ಕುರಿ ಹಿಂದೆ ಓಡಾಡಿದೋನು ಸಾರ್. ಅಂಗಾಲು ಕರೇಕಲ್ಲು ಇದ್ದಂಗಿದ್ವು, ಮುಳ್ಳು ತುಳಿದ್ರೂ ಗೊತ್ತಾಗ್ತಿರ್ಲಿಲ್ಲ. ಇವತ್ತು ಮುಟ್ಟಿ ನೋಡಿದ್ರೆ ಕೂಸಿನ ಕಾಲಿನಂಗೆ ಮೆತ್ತಗವೆ. ಅಪ್ಪ ದಿನಾ ಗುಡ್ಡ ಹತ್ತತಿದ್ದ ಅಂತಾರೆ. ಈ ಕಾಲಾಗೆ ಹೆಂಗೆ ಹತ್ತಿದ?"

ಅವಳ ಹೇಳಿಕೆಯನ್ನು ಹೆಡ್ ಕಾನ್‌ಸ್ಟೆಬಲ್ ಮೂರ್ತಪ್ಪ ಬರೆದುಕೊಂಡರು. ಅಸಹಜ ಸಾವು ಎಂದು ಪ್ರಕರಣ ದಾಖಲಾಯಿತು. ಮೂರು ಗಂಟೆಗೆ ಜೀಪು ಹೊರಟಿತು.

ಹಟ್ಟಿಯಲ್ಲಿ ಗುಂಡಿ ಸೊಂಟದಾಳಕ್ಕೆ ಬಂದಿತ್ತು. ಹಿರಿಯರು ಎದ್ದು ನಿಂತು, ನಮ್ಮ ಹಟ್ಟಿಯ ಹೆಣ ಕುಯ್ಯುವುದಕ್ಕೆ ಒಪ್ಪುವುದಿಲ್ಲ ಎಂದರು. ಜಬೀವುಲ್ಲಾ ದನಿ ಏರಿಸಲಿಲ್ಲ; ಮಗಳು ದೂರು ಕೊಟ್ಟಿದ್ದಾಳೆ, ಕಾನೂನು ಇರುವುದು ಹೀಗೆ ಎಂದಷ್ಟೇ ಹೇಳಿದರು. ಆಗ ಎಲ್ಲರ ಕಣ್ಣು ರಂಜಿತಾಳ ಕಡೆ ತಿರುಗಿತು. ಸತ್ತವನ ಹೆಂಡತಿ ಜಯಕ್ಕ ಹೆಣದ ಪಕ್ಕದಲ್ಲಿ ಕೂತಿದ್ದಳು. ಅವಳು ಮಗಳನ್ನು ನೋಡಲಿಲ್ಲ.

"ಒಂದ್ಸಲ ಎದೆ ಕುಯ್ದು ಡಬ್ಬಿ ಇಟ್ಟವ್ರೆ" ಎಂದಳು ಮೆಲ್ಲಗೆ. "ಇನ್ನೊಂದ್ಸಲ ಯಾಕೆ ಸಾರ್."

ಶವದ ಪಂಚನಾಮೆ ಅಂಗಳದಲ್ಲೇ ನಡೆಯಿತು. ಕಾಟಯ್ಯ, ಅರವತ್ತಮೂರು ವರ್ಷ. ಎಡಗಡೆ ಕೊರಳೆಲುಬಿನ ಕೆಳಗೆ ಚರ್ಮದಡಿ ಬೆಂಕಿಪೊಟ್ಟಣದಷ್ಟು ಉಬ್ಬು. ಕಳೆದ ವರ್ಷ ಚಿತ್ರದುರ್ಗದಲ್ಲಿ ಪೇಸ್‌ಮೇಕರ್ ಹಾಕಿಸಿದ್ದರು. ಮೈಮೇಲೆ ಗಾಯವಿಲ್ಲ. ಬಲಗಾಲಿನ ಕಣಕಾಲ ಸುತ್ತ ಕಪ್ಪಾಗಿ ದಪ್ಪಗಟ್ಟಿದ ಚರ್ಮ, ಹೊಸದಲ್ಲ. ಅದೇ ಕಾಲಿನ ಮೀನಖಂಡ ಬಾತಿತ್ತು. ತೊಡೆಗಳು ಬತ್ತಿ ಕಡ್ಡಿಯಾಗಿದ್ದವು. ಮೂರ್ತಪ್ಪ ಒಂದೊಂದನ್ನೂ ಬರೆದು ಪಂಚರ ಸಹಿ ತೆಗೆದುಕೊಂಡರು.

ಹೆಣ ಸಿಕ್ಕ ಜಾಗ ಗುಡ್ಡದ ಅರ್ಧ ಎತ್ತರದಲ್ಲಿ, ಗಾಳಿಯಂತ್ರಗಳಿಗಿಂತ ಸ್ವಲ್ಪ ಕೆಳಗೆ, ಒಂದು ತುಗ್ಗಲಿ ಮರದಡಿ ಇತ್ತು. ಜುಂಜೇಶ್ ಕರೆದುಕೊಂಡು ಹೋಗಿ ತೋರಿಸಿದ. ಇಪ್ಪತ್ತೊಂಬತ್ತರ ಯುವಕ, ಅವನಿಗೆ ಅದೇ ಗಾಳಿಯಂತ್ರಗಳ ಕಾವಲು ಕೆಲಸ. ಬೆಳಗ್ಗೆ ಪಾಳಿ ಮುಗಿಸಿ ಇಳಿಯುವಾಗ ಅಪ್ಪ ಕಂಬಳಿ ಮೇಲೆ ಮಲಗಿದ್ದು ಕಂಡಿತು, ಮಾತಾಡಿಸಿದರೆ ಮೈ ತಣ್ಣಗಿತ್ತು ಎಂದ. ಅಪ್ಪ ಹೇಗೆ ಮಲಗಿದ್ದ ಎಂದು ಜಬೀವುಲ್ಲಾ ಕೇಳಿದರು. ಅಂಗಾತ, ನೆಟ್ಟಗೆ ಎಂದ. ಎದೆ ಹಿಡಿದುಕೊಂಡು ಬಿದ್ದವನು ಕಂಬಳಿ ಹಾಸಿಕೊಂಡು ನೆಟ್ಟಗೆ ಮಲಗುತ್ತಾನೆಯೇ ಎಂಬುದು ಇನ್ಸ್‌ಪೆಕ್ಟರ್ ಮನಸ್ಸಿಗೆ ಬಂದರೂ ಅವರು ಅಲ್ಲಿ ಕೇಳಲಿಲ್ಲ.

ಜಯಕ್ಕನ ಹೇಳಿಕೆಯೂ ಚಿಕ್ಕದು. ಗಂಡ ಬೆಳಕು ಹರಿಯುವ ಮುಂಚೆ ಎದ್ದು ಕಂಬಳಿ ಹೊದ್ದು ಹೋದ, ದಿನಾ ಹೋಗುತ್ತಿದ್ದ. ಈಗ ಕುರಿ ಕಾಯುತ್ತಿರುವವನು ಕಾಟಯ್ಯನ ತಮ್ಮ ಜುಂಜಯ್ಯ. ಅಣ್ಣ ನಿನ್ನ ಜತೆ ಬರುತ್ತಿದ್ದನೇ ಎಂದರೆ ಅವನು ಮೊದಲು ಅತ್ತಿಗೆಯ ಮುಖ ನೋಡಿದ. ಆಮೇಲೆ, ಬರ್ತಿದ್ದ ಎಂದ.

ಬುಧವಾರ ಹಿರಿಯೂರಿನ ಸರ್ಕಾರಿ ಆಸ್ಪತ್ರೆಯಲ್ಲಿ ಮರಣೋತ್ತರ ಪರೀಕ್ಷೆ ಆಯಿತು. ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದ ರಕ್ತ ಕಿತ್ತುಕೊಂಡು ಬಂದು ಶ್ವಾಸಕೋಶಕ್ಕೆ ಸಿಕ್ಕಿಹಾಕಿಕೊಂಡಿದೆ, ಸಾವಿಗೆ ಅದೇ ಕಾರಣ ಎಂದರು ವೈದ್ಯರು. ವಿಷವಿಲ್ಲ, ಹೊಡೆತವಿಲ್ಲ. ಸಹಜ ಸಾವು ಎನ್ನಲು ಅಡ್ಡಿಯಿಲ್ಲ. ಆದರೆ ಕೈ ತೊಳೆದುಕೊಳ್ಳುತ್ತಾ ಒಂದು ಮಾತು ಸೇರಿಸಿದರು: ತಿಂಗಳುಗಟ್ಟಲೆ ಹಾಸಿಗೆ ಹಿಡಿದವರಿಗೆ ಹೀಗೆ ಹೆಪ್ಪುಗಟ್ಟುತ್ತದೆ, ಕುರಿ ಕಾಯುವವನ ಕಾಲಲ್ಲ ಇದು. ಪೇಸ್‌ಮೇಕರನ್ನು ಬಿಡಿಸಿ, ಸೀಲು ಮಾಡಿ ಚಂದ್ರುವಿನ ಕೈಗೆ ಕೊಟ್ಟರು. ಅಂದು ಸಂಜೆಯೇ ಕಾಟಯ್ಯನನ್ನು ಮಣ್ಣು ಮಾಡಿದರು.

ನಿವೃತ್ತಿಗೆ ಹತ್ತಿರವಿದ್ದ ಮೂರ್ತಪ್ಪನವರಿಗೆ ಪ್ರಕರಣ ಇಲ್ಲಿಗೆ ಮುಗಿಯಿತು ಅನ್ನಿಸಿತು. ಬಡವರ ಮನೆಯ ಸಾವು, ಕೊಂದವರಿಲ್ಲ, ಕಡತ ಮುಚ್ಚಿ ಎಂದರು. ಜಬೀವುಲ್ಲಾ ಅವರಿಗೂ ಇಂಥದ್ದೇ ಎಂದು ಹೇಳುವ ಅನುಮಾನವಿರಲಿಲ್ಲ. ಮೂರು ಜನ ಒಂದು ಮಾತು ಹೇಳಿದ್ದರು, ಸತ್ತವನ ಕಾಲು ಬೇರೆ ಹೇಳುತ್ತಿತ್ತು. ಅಷ್ಟೇ. ಅವರು ನ್ಯಾಯಾಲಯದ ಅನುಮತಿ ಪಡೆದು, ಮುಂದಿನ ಸೋಮವಾರ, 17ನೇ ತಾರೀಖು, ಸೀಲು ಮಾಡಿದ ಪೊಟ್ಟಣದೊಂದಿಗೆ ಚಿತ್ರದುರ್ಗಕ್ಕೆ ಹೋದರು.

ಪೇಸ್‌ಮೇಕರ್ ಹಾಕಿದ ಖಾಸಗಿ ಆಸ್ಪತ್ರೆಯಲ್ಲಿ ಆ ವಿಭಾಗ ನೋಡಿಕೊಳ್ಳುತ್ತಿದ್ದವರು ಡಾ. ಮಹೇಕ್. ಸಣ್ಣ ವಯಸ್ಸಿನ ಹೃದ್ರೋಗ ತಜ್ಞೆ. ಪಂಚರ ಎದುರು ಸೀಲು ಒಡೆದು, ಡಬ್ಬಿಯನ್ನು ಮೇಜಿನ ಮೇಲಿಟ್ಟು, ಅದರ ಮೇಲೆ ಮಷೀನಿನ ಹಿಡಿಕೆಯನ್ನು ಇಟ್ಟರು. ಪರದೆಯ ಮೇಲೆ ಗೆರೆಗಳು ಮೂಡಿದವು. ಅವರು ಕೊನೆಯವರೆಗೂ ನೋಡಿದರು. ಹಿಂದಕ್ಕೆ ಹೋಗಿ ಮತ್ತೆ ಮೊದಲಿನಿಂದ ನೋಡಿದರು.

ಆಮೇಲೆ ಜಬೀವುಲ್ಲಾ ಅವರಿಗೆ ತಿಳಿಯುವಂತೆ ಹೇಳಿದರು. ಕಾಟಯ್ಯನ ಹೃದಯದ ಮೇಲಿನ ಕೋಣೆ ಸರಿಯಾಗಿಯೇ ಬಡಿಯುತ್ತಿತ್ತು, ಆದರೆ ಆ ಬಡಿತದ ಸಂದೇಶ ಕೆಳಗಿನ ಕೋಣೆಗೆ ಮುಟ್ಟುತ್ತಿರಲಿಲ್ಲ. ಡಬ್ಬಿಯ ಕೆಲಸ ಆ ಸಂದೇಶವನ್ನು ಮುಟ್ಟಿಸುವುದು. ಜತೆಗೆ ಅದಕ್ಕೆ ಮೈಯ ಅಲುಗಾಟವೂ ತಿಳಿಯುತ್ತದೆ. ಮೇಲಿನ ಕೋಣೆ ಸೋತು ಹಿಂದೆ ಬಿದ್ದರೆ, ಮನುಷ್ಯ ನಡೆಯುತ್ತಿದ್ದಾನೆ ಎಂದು ಆ ಅಲುಗಾಟದಿಂದಲೇ ತಿಳಿದು ತಾನೇ ಬಡಿತ ಏರಿಸುತ್ತದೆ. ದಿನಕ್ಕೆ ಎಷ್ಟು ನಡೆದ, ಬಡಿತ ಎಷ್ಟು ಏರಿಳಿಯಿತು, ಎರಡೂ ಅದರೊಳಗೆ ಉಳಿಯುತ್ತವೆ.

"ಗಡಿಯಾರದ ಹಾಗೆ ಒಂದೇ ಸಮ ಬಡಿಯೋದು ಒಳ್ಳೆ ಹೃದಯ ಅಂತ ಜನ ತಿಳ್ಕೊಂಡಿದ್ದಾರೆ" ಎಂದರು ಮಹೇಕ್. "ಹಾಗಲ್ಲ ಸರ್. ಒಂದು ಬಡಿತಕ್ಕೂ ಇನ್ನೊಂದಕ್ಕೂ ನಡುವಿನ ಅಂತರ ಹೆಚ್ಚುಕಡಿಮೆ ಆಗ್ತಾ ಇರಬೇಕು. ನಡೆದರೆ, ಉಸಿರೆಳೆದರೆ, ನಕ್ಕರೆ, ಹೆದರಿದರೆ ಅದು ಬದಲಾಗಬೇಕು. ಪೇಸ್‌ಮೇಕರ್ ಇರೋರಿಗೂ ಅಷ್ಟೇ. ನಡಿಗೆ ಇದ್ದರೆ ಆ ಏರಿಳಿತ ಉಳಿಯುತ್ತೆ. ಕೂರಿಸಿಬಿಟ್ಟರೆ ಸಪಾಟಾಗುತ್ತೆ."

ಪರದೆಯ ಮೇಲೆ ಎರಡು ಗೆರೆಗಳನ್ನು ಬೆರಳಿಟ್ಟು ತೋರಿಸಿದರು. ಕೆಳಗಿನದು ನಡಿಗೆ. ಹೋದ ವರ್ಷ ಬೇಸಿಗೆಯಲ್ಲಿ ಪೇಸ್‌ಮೇಕರ್ ಹಾಕಿದ ಮೇಲೆ ಅದು ವಾರವಾರವೂ ಏರಿತ್ತು. ಮಳೆಗಾಲದಲ್ಲಿ ಕಾಟಯ್ಯ ದಿನಕ್ಕೆ ನಾಲ್ಕೈದು ಗಂಟೆ ನಡೆದಿದ್ದ. ಮೇಲಿನ ಗೆರೆ, ಬಡಿತದ ಏರಿಳಿತ, ಅದರ ಜತೆಗೇ ಮೇಲೆ ಹೋಗಿತ್ತು. ಸೆಪ್ಟೆಂಬರ್‌ನ ಒಂದು ದಿನ ಕೆಳಗಿನ ಗೆರೆ ಇದ್ದಕ್ಕಿದ್ದಂತೆ, ಕತ್ತರಿಸಿದ ಹಾಗೆ, ಕೆಳಗೆ ಬಿದ್ದಿತ್ತು. ಮತ್ತೆ ಏಳಲೇ ಇಲ್ಲ. ಮೇಲಿನದು ಒಮ್ಮೆಗೇ ಬೀಳಲಿಲ್ಲ. ತಿಂಗಳಿಂದ ತಿಂಗಳಿಗೆ ಇಳಿಯುತ್ತಾ ಬಂದು ಕೊನೆಗೆ ನೆಲಕ್ಕೆ ಹತ್ತಿಕೊಂಡಿತ್ತು.

ಕಾಯಿಲೆ ಹೆಚ್ಚಾಗಿ ಮಲಗಿರಬಹುದಲ್ಲ ಎಂದು ಜಬೀವುಲ್ಲಾ ಕೇಳಿದರು. ಕಾಯಿಲೆ ಹೆಚ್ಚಾದರೆ ಗೆರೆ ಜಾರುತ್ತದೆ, ಹೀಗೆ ಒಂದೇ ದಿನದಲ್ಲಿ ಬೀಳುವುದಿಲ್ಲ ಎಂದರು ಡಾಕ್ಟರ್. ಲಕ್ವ ಹೊಡೆದಿದ್ದರೆ, ಕಾಲು ಮುರಿದಿದ್ದರೆ ಬೀಳಬಹುದು. ಶವದಲ್ಲಿ ಅವೆರಡೂ ಇರಲಿಲ್ಲ.

"ಇನ್ನೊಂದಿದೆ" ಎಂದು ಮಹೇಕ್ ಪರದೆಯನ್ನು ಅವರ ಕಡೆ ತಿರುಗಿಸಿದರು. "ಹತ್ತನೇ ತಾರೀಖು ಸೋಮವಾರ ಸಂಜೆ ಹೃದಯದ ಸ್ವಂತ ಬಡಿತ ನಿಂತಿದೆ. ಡಬ್ಬಿ ಪಾಡಿಗೆ ಡಬ್ಬಿ ಕೆಲಸ ಮಾಡ್ತಾನೇ ಇದೆ. ಪ್ರತಿ ರಾತ್ರಿ ಅದು, ಹೃದಯ ನನ್ನ ಮಾತು ಕೇಳುತ್ತಾ ಅಂತ ಒಮ್ಮೆ ಪರೀಕ್ಷೆ ಮಾಡುತ್ತೆ. ಆ ರಾತ್ರಿ ಉತ್ತರ ಬಂದಿಲ್ಲ. ಅದಾದ ಮೇಲೆ, ಬೆಳಗಿನ ಜಾವದ ಹೊತ್ತಿಗೆ, ಜೋರು ಅಲುಗಾಟ. ಡಬ್ಬಿ ಬಡಿತ ಏರಿಸಿದೆ."

"ಸತ್ತ ಮೇಲೆ?"

"ಸತ್ತ ಮೇಲೆ. ಯಾರೋ ಹೊತ್ತುಕೊಂಡು ಹತ್ತಿದ್ದಾರೆ ಸರ್. ಡಬ್ಬಿಗೆ ಅದು ಗೊತ್ತಾಗಲ್ಲ. ಮನುಷ್ಯ ಗುಡ್ಡ ಹತ್ತುತ್ತಾ ಇದ್ದಾನೆ ಅಂದ್ಕೊಂಡಿದೆ."

ಕಳೆದ ಐದು ತಿಂಗಳಲ್ಲಿ ಕಾಟಯ್ಯ ನಡೆದದ್ದು ಎಂದು ಆ ಮಷೀನಿಗೆ ಅನ್ನಿಸಿದ್ದು ಅವನ ಹೆಣ ಹೊತ್ತಾಗ ಮಾತ್ರ.

ಹೊರಡುವಾಗ ಮಹೇಕ್ ತಾವಾಗಿಯೇ ಹೇಳಿದರು. ಪೇಸ್‌ಮೇಕರ್ ಹಾಕಿದ ಒಂದೂವರೆ ತಿಂಗಳಿಗೆ ಕಾಟಯ್ಯ ತಪಾಸಣೆಗೆ ಬಂದಿದ್ದ, ಹೆಂಡತಿ ಜತೆಗಿದ್ದಳು. ಕುರಿ ಹಿಂದೆ ಹೋಗಬಹುದಾ ಎಂದು ಕೇಳಿದ. ಹೋಗಿ, ಎಷ್ಟು ನಡೆದರೆ ಅಷ್ಟು ಒಳ್ಳೆಯದು ಎಂದಿದ್ದರು. ಬಿದ್ದರೆ ಏನು ಮಾಡೋದು ಎಂದು ಹೆಂಡತಿ ಕೇಳಿದಳು. ಬೀಳಲ್ಲ ಎಂದು ಹೇಳಿ ಮುಂದಿನ ರೋಗಿಯನ್ನು ಕರೆದಿದ್ದರು. ಹೊರಗೆ ಜನ ತುಂಬ ಇದ್ದರು. ಅದಾದ ಮೇಲೆ ಅವರು ಬರಲಿಲ್ಲ. ಆಸ್ಪತ್ರೆಯಿಂದ ಒಮ್ಮೆ ಫೋನು ಮಾಡಿದಾಗ ಮಗ ತೆಗೆದು, ಅಪ್ಪ ಚೆನ್ನಾಗಿದ್ದಾನೆ, ಗುಡ್ಡಕ್ಕೆ ಹೋಗಿದ್ದಾನೆ ಎಂದಿದ್ದ.

ಅಂದು ಸಂಜೆ ಎಫ್‌ಐಆರ್ ದಾಖಲಾಯಿತು. ಅಕ್ರಮ ಬಂಧನ, ಸಾಕ್ಷ್ಯನಾಶ. ಆರೋಪಿಗಳ ಜಾಗದಲ್ಲಿ ಸದ್ಯಕ್ಕೆ ಯಾರ ಹೆಸರನ್ನೂ ಬರೆಯಲಿಲ್ಲ.

18ರಂದು ಬೆಳಗ್ಗೆ ಪಂಚರೊಂದಿಗೆ ಹಟ್ಟಿಗೆ ಹೋದರು. ಮಹಿಳಾ ಕಾನ್‌ಸ್ಟೆಬಲ್ ನಾಗಕ್ಕ ಜತೆಗಿದ್ದಳು. ಜಯಕ್ಕ ಬಾಗಿಲ ಬಳಿ ಕೂತಿದ್ದವಳು ಎದ್ದು, ಒಳಗೆ ಬರ್ರಿ ಎಂದು ದಾರಿ ಬಿಟ್ಟಳು. ಮನೆಯ ಹಿಂದೆ, ಮೊದಲು ಎಳೆ ಮರಿಗಳನ್ನು ಕೂಡುತ್ತಿದ್ದ ಒಂದು ಶೀಟಿನ ಕೋಣೆಯಿತ್ತು. ಅದರ ಬಾಗಿಲಿಗೆ ಹೊರಗಡೆಯಿಂದ ಚಿಲಕ. ಬಾಗಿಲು ಹಳೆಯದು, ಚಿಲಕ ಹೊಸದು.

ಒಳಗೆ ನೆಲವನ್ನು ಸಾರಿಸಿ ಗುಡಿಸಿದ್ದರು. ಚಾಪೆ, ಎರಡು ಕಂಬಳಿ, ಬಕೆಟ್ಟು, ನೀರಿನ ಬಿಂದಿಗೆ. ಚಾಪೆಯ ಪಕ್ಕ ಹರಳೆಣ್ಣೆಯ ಬಟ್ಟಲು. ಕಿಟಕಿಯ ಸರಳಿಗೆ ಒಂದು ನೈಲಾನ್ ಹಗ್ಗ ಕಟ್ಟಿತ್ತು. ಚಾಪೆಗೂ ಬಕೆಟ್ಟಿಗೂ ಎಟುಕುವಷ್ಟು ಉದ್ದ, ಬಾಗಿಲಿಗೆ ಎಟುಕದಷ್ಟು. ಹಗ್ಗದ ಇನ್ನೊಂದು ತುದಿಗೆ, ಕಾಲಿಗೆ ಒತ್ತದಿರಲೆಂದು, ಹಳೆ ಸೀರೆಯ ತುಂಡನ್ನು ಪದರ ಪದರವಾಗಿ ಸುತ್ತಿ ಹೊಲಿದಿದ್ದರು. ಹೊಲಿಗೆ ಸಣ್ಣದಾಗಿ, ಅಚ್ಚುಕಟ್ಟಾಗಿತ್ತು. ಬಾಗಿಲಿನ ಒಳಮೈಯಲ್ಲಿ ಎದೆಮಟ್ಟದ ಹಲಗೆ, ಬಡಿದು ಬಡಿದು ನುಣುಪಾಗಿತ್ತು. ನಾಗಕ್ಕ ಅದನ್ನು ಕೈಯಿಂದ ಸವರಿ ನೋಡಿ ಹೊರಗೆ ಹೋದಳು.

ಹಗ್ಗವನ್ನು ಜಪ್ತಿ ಮಾಡಿದರು. ಮೂರ್ತಪ್ಪ ಪಂಚನಾಮೆ ಬರೆಯುತ್ತಿರುವಾಗ ಜುಂಜಯ್ಯ ಕುರಿಗಳನ್ನು ಬೇರೆಯವರಿಗೆ ಒಪ್ಪಿಸಿ ಬಂದು ಗೋಡೆಗೆ ಒರಗಿ ನಿಂತ. ಜಬೀವುಲ್ಲಾ ಅವನನ್ನು ಬೇವಿನ ಮರದಡಿಗೆ ಕರೆದರು.

"ಗೊತ್ತಿತ್ತಾ?"

"ಹಟ್ಟಿಗೆಲ್ಲ ಗೊತ್ತಿತ್ತು ಸಾರ್. ಮೊದ್ಲು ಬಾಗ್ಲು ಬಡೀತಿದ್ದ. ಕುರಿ ಹೊಡ್ಕಂಡು ಹೋಗುವಾಗ ನಂಗೆ ಕೇಳ್ತಿತ್ತು. ನನ್ನ ಹೆಸರಿಡಿದು ಕೂಗ್ತಿದ್ದ. ಆಮ್ಯಾಲೆ ಬಡಿಯಾದು ಬಿಟ್ಟ."

"ತೆಗೀಬೇಕು ಅನ್ನಿಸಲಿಲ್ವಾ?"

"ಎದಿಯಾಗೆ ಮಿಷಿನ್ ಐತೆ, ಹೊರಗೆ ಬಿಟ್ರೆ ಸಾಯ್ತಾನೆ ಅಂತ ಅತ್ಗೆ ಅಂದ್ಲು. ನಾವೇನು ಕಂಡಿದ್ವಿ. ಬಡಿಯಾದು ಬಿಟ್ಟಾಗ, ಹೋಗ್ಲಿ, ಒಗ್ಗಿಕಂಡ ಅಂದ್ಕಂಡ್ವಿ."

ಅಂದು ಮಧ್ಯಾಹ್ನ ಜುಂಜೇಶನನ್ನು ಠಾಣೆಗೆ ಕರೆತಂದರು. ಅವನು ಕೇಳುವ ಮೊದಲೇ ಎಲ್ಲವನ್ನೂ ತನ್ನ ಮೇಲೆ ಹಾಕಿಕೊಂಡ. ಚಿಲಕ ಹಾಕಿಸಿದ್ದು ತಾನು, ಕಾಲಿಗೆ ಹಗ್ಗ ಕಟ್ಟಿದ್ದು ತಾನು, ಹೆಣ ಹೊತ್ತದ್ದೂ ತಾನು, ಅವ್ವನಿಗೆ ಏನೂ ಗೊತ್ತಿಲ್ಲ. ಹಗ್ಗಕ್ಕೆ ಬಟ್ಟೆ ಹೊಲಿದವರು ಯಾರು ಎಂದು ಜಬೀವುಲ್ಲಾ ಕೇಳಿದರು. ನಾನೇ ಎಂದ. ಸೂಜಿಗೆ ದಾರ ಪೋಣಿಸಿ ತೋರಿಸು ಎಂದು ಮೂರ್ತಪ್ಪ ಗದರಿದಾಗ ತಲೆ ತಗ್ಗಿಸಿದ.

ನಾಲ್ಕು ಗಂಟೆಯ ಹೊತ್ತಿಗೆ ಜಯಕ್ಕ ಹಟ್ಟಿಯಿಂದ ನಡೆದುಕೊಂಡು ಠಾಣೆಗೆ ಬಂದಳು. ಯಾರೂ ಕರೆದಿರಲಿಲ್ಲ. ಮಗ ಕೂತಿದ್ದ ಕೋಣೆಯ ಬಾಗಿಲಲ್ಲಿ ನಿಂತು ಇನ್ಸ್‌ಪೆಕ್ಟರ್ ಕಡೆ ನೋಡಿದಳು.

"ಅವನ್ನೇನು ಕೇಳ್ತೀರಿ ಸಾರ್. ಚಿಲಕ ಹಾಕಿದೋಳು ನಾನು."

ನಾಗಕ್ಕ ಅವಳನ್ನು ಬೆಂಚಿನ ಮೇಲೆ ಕೂರಿಸಿ ನೀರು ಕೊಟ್ಟಳು. ಹೇಳಿಕೆ ಮುಗಿಯುವಷ್ಟರಲ್ಲಿ ಕತ್ತಲಾಗುತ್ತಾ ಬಂದಿತ್ತು.

ಹೋದ ವರ್ಷ ಬೇಸಿಗೆಯ ಶುರುವಿನಲ್ಲಿ ಗಂಡ ಹೆಂಡತಿ ಕುರಿ ಹೊಡೆದುಕೊಂಡು ಹೊಸದುರ್ಗದ ಕಡೆ ಹೋಗಿದ್ದರು. ಅಲ್ಲಿನ ಹೊಲಗಳಲ್ಲಿ ಗೊಬ್ಬರಕ್ಕೆಂದು ಮಂದೆ ನಿಲ್ಲಿಸುವುದು ಅವರ ವಾಡಿಕೆ. ಒಂದು ದಿನ ಬಿಸಿಲೇರುವ ಹೊತ್ತಿಗೆ ಕಾಟಯ್ಯ ಹೊಲದ ನಡುವೆ ಕುಸಿದು ಬಿದ್ದ. ಕಣ್ಣು ತೆರೆದೇ ಇತ್ತು. ಎದೆಯ ಮೇಲೆ ಕೈಯಿಟ್ಟರೆ ಒಂದು ಬಡಿತ, ಆಮೇಲೆ ಇಲ್ಲ, ಇನ್ನೇನು ಹೋಯಿತು ಅನ್ನುವಾಗ ಇನ್ನೊಂದು. ಅವಳು ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಎದ್ದು ಹೋದರೆ ಅಷ್ಟರಲ್ಲಿ ಸತ್ತುಹೋಗುತ್ತಾನೆ ಎಂದು ಎದ್ದು ಹೋಗಲಿಲ್ಲ. ದೂರದ ರಸ್ತೆಯಲ್ಲಿ ಬೈಕುಗಳು ಹೋಗುತ್ತಿದ್ದವು. ಸೆರಗು ಬೀಸಿದಳು. ಕೂಗಿದಳು. ಕುರಿಗಳು ಚೆಲ್ಲಾಪಿಲ್ಲಿಯಾಗಿ ಯಾರದೋ ತೋಟಕ್ಕೆ ನುಗ್ಗಿದ್ದವು. ತೋಟದವನು ಬೈಯಲು ಬಂದಾಗಲೇ ಇವರನ್ನು ಕಂಡದ್ದು. ಆ ಹೊತ್ತಿಗೆ ಮಧ್ಯಾಹ್ನ ಕಳೆದಿತ್ತು. ಮುಂದಿನ ಬಡಿತ ಬರುತ್ತದೋ ಇಲ್ಲವೋ ಎಂದು ಅಷ್ಟು ಹೊತ್ತೂ ಕಾದಿದ್ದಳು.

ಪೇಸ್‌ಮೇಕರ್ ಹಾಕಿಸಿಕೊಂಡು ಬಂದ ಮೇಲೆ ಕಾಟಯ್ಯ ಮೊದಲಿನಂತಾದ. ಜಯಕ್ಕ ಆಗಲಿಲ್ಲ. ಅವನು ಗುಡ್ಡಕ್ಕೆ ಹೋದರೆ ತಿರುಗಿ ಬರುವವರೆಗೆ ಅವಳಿಗೆ ಒಲೆ ಹಚ್ಚಲೂ ಆಗುತ್ತಿರಲಿಲ್ಲ. ಮಲಗಿದಾಗ ಕೈಯನ್ನು ಆ ಡಬ್ಬಿಯ ಮೇಲಿಟ್ಟುಕೊಂಡೇ ಇರುತ್ತಿದ್ದಳು. ಸೆಪ್ಟೆಂಬರ್‌ನಲ್ಲಿ ಒಂದು ಸಂಜೆ ಅವನು ಮಳೆಯಲ್ಲಿ ತಡವಾಗಿ ಬಂದ. ಕಲ್ಲು ಜಾರಿ ಅಂಗೈ ತರಚಿತ್ತು. ಏನೂ ಆಗಿಲ್ಲ ಎಂದು ನಕ್ಕ. ಮಾರನೆಯ ದಿನ ಅವಳು ಐಮಂಗಲದಿಂದ ಚಿಲಕ ತಂದಳು.

ಮೊದಲು ಬರೀ ಚಿಲಕ ಹಾಕುತ್ತಿದ್ದಳು. ಅವನು ಒಂದು ಸಲ ಬಾಗಿಲು ಎತ್ತಿ ಕೀಲು ಕಳಚಿ, ಹೊಸಿಲು ದಾಟುವಷ್ಟರಲ್ಲಿ ಸಿಕ್ಕಿಬಿದ್ದ ಮೇಲೆ ಹಗ್ಗ ಬಂತು, ಬಾಗಿಲು ಬಡಿಯುವುದು ನಿಂತಿತು. ಮಗ ಮೊದಲು ಜಗಳವಾಡಿದ. ನೀನು ಅವತ್ತು ಹೊಲದಲ್ಲಿ ಇರಲಿಲ್ಲ ಎಂದಳು. ಅಲ್ಲಿಗೆ ಅವನು ಜಗಳ ಬಿಟ್ಟ. ದೀಪಾವಳಿಗೆ ರಂಜಿತಾ ಬಂದಾಗ ಹಗ್ಗ ಬಿಚ್ಚಿ ಜಗಲಿಯ ಮೇಲೆ ಕೂರಿಸಿದ್ದರು. ಕಾಟಯ್ಯ ಮಗಳಿಗೆ ಏನನ್ನೂ ಹೇಳಲಿಲ್ಲ. ಆಗಲೇ ಅವನು ಮಾತು ಬಿಟ್ಟಿದ್ದ. ಜಯಕ್ಕ ಮುದ್ದೆ ಮುರಿದು ತಿನ್ನಿಸುತ್ತಿದ್ದಳು, ಬಿಸಿನೀರು ಕಾಸಿ ಮೈ ತೊಳೆಯುತ್ತಿದ್ದಳು. ಒಂದು ಬಿರುಸು ಮಾತು ಆಡಲಿಲ್ಲ ಎಂದು ಎರಡು ಮೂರು ಸಲ ಹೇಳಿದಳು.

"ನಡೀಬೇಕು ಅಂತ ಡಾಕ್ಟರಮ್ಮ ಹೇಳಿದ್ರಲ್ಲ ಜಯಕ್ಕ" ಎಂದರು ಜಬೀವುಲ್ಲಾ. "ನೀವೂ ಕೇಳಿಸ್ಕೊಂಡಿದ್ರಿ."

"ಹೇಳಿದ್ರು. ಬೀಳಲ್ಲ ಅಂದ್ರು. ಆಯಮ್ಮ ಹೊಸದುರ್ಗದ ಹೊಲದಾಗೆ ನನ್ ಪಕ್ಕ ಕುಂತಿರ್ಲಿಲ್ಲ ಸಾರ್."

ಸತ್ತ ದಿನ ಬೆಳಗಿನಿಂದ ಕಾಲು ಬಾತಿತ್ತು. ಸಂಜೆ ಅವಳು ಹರಳೆಣ್ಣೆ ಬೆಚ್ಚಗೆ ಮಾಡಿ ಮೀನಖಂಡವನ್ನು ತಿಕ್ಕಿದಳು. ತಿಕ್ಕುತ್ತಿರುವಾಗಲೇ ಅವನಿಗೆ ಏದುಸಿರು ಬಂತು. ಒಂದೆರಡು ಸಲ ಬಾಯಿ ತೆರೆದ. ಅವಳು ಎದೆಯ ಮೇಲೆ ಕೈಯಿಟ್ಟಳು. ಡಬ್ಬಿ ಐತೆ, ಬಿಡಲ್ಲ, ಬಿಡಲ್ಲ ಎಂದುಕೊಂಡೇ ಕೂತಿದ್ದಳು. ಮೈ ತಣ್ಣಗಾದ ಮೇಲೆ ಮಗನಿಗೆ ಫೋನು ಮಾಡಿದಳು.

ಹೆಣವನ್ನು ಗುಡ್ಡಕ್ಕೆ ಯಾಕೆ ಸಾಗಿಸಿದಿರಿ ಎಂದು ಕೇಳಿದ್ದಕ್ಕೆ ತಾಯಿ ಮಗ ಬೇರೆ ಬೇರೆ ಉತ್ತರ ಕೊಟ್ಟರು. ಮನೆಯಲ್ಲೇ ಸತ್ತ ಎಂದರೆ ಕಾಲಿನ ಗುರುತು ನೋಡಿ ಅವ್ವನನ್ನು ಹಿಡಿದುಕೊಂಡು ಹೋಗುತ್ತಾರೆ ಎಂದು ಹೆದರಿದೆ, ಅದಕ್ಕೆ ಹೊತ್ತೆ ಎಂದ ಜುಂಜೇಶ್. ಜಯಕ್ಕ ಹಾಗೆ ಹೇಳಲಿಲ್ಲ. ಮಾತು ಬಿಡೋ ಮುಂಚೆ ದಿನಾ ಅಲ್ಲಿಗೆ ಬಿಡು ಬಿಡು ಅಂತಿದ್ದರು, ಇನ್ನೇನು ಬೀಳೋದಿಲ್ಲ, ಕರ್ಕಂಡು ಹೋಗು ಅಂತ ನಾನೇ ಅಂದೆ ಎಂದಳು. ದೋಷಾರೋಪಣೆ ಪಟ್ಟಿಗೆ ಬೇಕಾದದ್ದು ಮಗನ ಉತ್ತರ. ಮೂರ್ತಪ್ಪ ಎರಡನ್ನೂ ಬರೆದರು.

19ರ ಬೆಳಗ್ಗೆ ಇಬ್ಬರ ಬಂಧನವನ್ನೂ ದಾಖಲಿಸಿದರು. ಜಯಕ್ಕನ ಮೇಲೆ ಅಕ್ರಮ ಬಂಧನ ಮತ್ತು ಕೊಲೆಯಲ್ಲದ ನರಹತ್ಯೆ. ಜುಂಜೇಶನ ಮೇಲೆ ಅಕ್ರಮ ಬಂಧನಕ್ಕೆ ನೆರವು ಮತ್ತು ಸಾಕ್ಷ್ಯನಾಶ. ವಿಷಯ ತಿಳಿದು ರಂಜಿತಾ ಚಿಕ್ಕಜಾಜೂರಿನಿಂದ ಬಂದಳು. ಕೊಟ್ಟ ದೂರನ್ನು ವಾಪಸು ತೆಗೆದುಕೊಳ್ಳಬಹುದೇ ಎಂದು ಕೇಳಿದಳು. ಆಗುವುದಿಲ್ಲ ಎಂದು ಜಬೀವುಲ್ಲಾ ತಿಳಿಸಿ ಹೇಳಿದರು. ಅವಳು ತಲೆಯಾಡಿಸಿದಳು. ತಾಯಿಯ ಮುಂದೆ ಹೋಗಿ ನಿಂತಳು. ಹಟ್ಟಿಯವರು ಯಾರೂ ಬಂದಿರಲಿಲ್ಲ. ರಂಜಿತಾ ಇನ್ನು ಆ ಹಟ್ಟಿಗೆ ಕಾಲಿಡುವಂತಿಲ್ಲ ಎಂದು ಜುಂಜಯ್ಯ ಹಿಂದಿನ ದಿನವೇ ಫೋನಿನಲ್ಲಿ ಹೇಳಿದ್ದ. ಅವಳು ಒಂದು ಗಂಟೆ ಬೆಂಚಿನ ಮೇಲೆ ಕೂತಿದ್ದು, ಯಾರಿಗೂ ಹೇಳದೆ ಎದ್ದು ಹೋದಳು.

ಹಿಂದಿನ ಸಂಜೆ, ಹೇಳಿಕೆ ಮುಗಿದ ಕೂಡಲೇ, ಜಬೀವುಲ್ಲಾ ಡಾ. ಮಹೇಕ್‌ಗೆ ಫೋನು ಮಾಡಿ ಒಂದು ವಿಷಯ ಕೇಳಿ ತಿಳಿದುಕೊಂಡಿದ್ದರು. ಕಾಲಿನಲ್ಲಿ ಹೆಪ್ಪು ಇರುವವರನ್ನು ತಿಕ್ಕಬಾರದು, ತಿಕ್ಕಿದರೆ ಅದು ಕಿತ್ತುಕೊಂಡು ಮೇಲೆ ಹೋಗುತ್ತದೆ ಎಂದಿದ್ದರು ಡಾಕ್ಟರ್. ಬಹುಶಃ ಆದದ್ದು ಅದೇ. ಫೋನು ಕೆಳಗಿಟ್ಟಾಗ ನಾಗಕ್ಕ ಪಕ್ಕದಲ್ಲೇ ಇದ್ದಳು. ಇದನ್ನು ಆಯಮ್ಮನಿಗೆ ಹೇಳಬೇಕಾ ಸಾರ್ ಎಂದು ಕೇಳಿದ್ದಳು. ಜಬೀವುಲ್ಲಾ ಎದ್ದು ಹೊರಗೆ ಹೋಗಿದ್ದರು.

ಬಂಧನದ ಪತ್ರಕ್ಕೆ ಹೆಬ್ಬೆಟ್ಟು ಒತ್ತಿಸುವಾಗ ಜಯಕ್ಕ, ಹೇಳಿಕೆಯಲ್ಲಿ ಒಂದು ಮಾತು ಬಿಟ್ಟುಹೋಗಿದೆ, ಸೇರಿಸಿ ಎಂದಳು.

"ಕೊನೆಗೆ ಮಾತಾಡಿದ್ರು ಸಾರ್. ಎಣ್ಣೆ ಹಚ್ಚಿ ತಿಕ್ಕತಿದ್ನಲ್ಲ, ಆವಾಗ. ತಿಕ್ಕು, ಹಾಯಾಗ್ತೈತೆ ಅಂದ್ರು. ಮಾತು ಬಿಟ್ಟ ಮ್ಯಾಲೆ ನನ್ ಕೂಡೆ ಆಡಿದ್ದು ಅದೊಂದೇ ಮಾತು. ಅದೊಂದಾದ್ರೂ ಮಾಡ್ದೆ ಅಂತ ಐತೆ ನಂಗೆ."

ಜಬೀವುಲ್ಲಾ ನಾಗಕ್ಕನ ಕಡೆ ನೋಡಿದರು. ನಾಗಕ್ಕ ಕಿಟಕಿಯ ಕಡೆ ತಿರುಗಿಕೊಂಡಳು. ಮೂರ್ತಪ್ಪ ಬರೆಯಲೋ ಬೇಡವೋ ಎಂದು ಪೆನ್ನು ಹಿಡಿದು ಕಾದರು. ಬರೀರಿ ಎಂದರು ಇನ್ಸ್‌ಪೆಕ್ಟರ್, ಆಯಮ್ಮ ಹೇಳಿದ ಹಾಗೆಯೇ.

ಡಾಕ್ಟರ ಅಭಿಪ್ರಾಯವನ್ನೂ ಕಡತಕ್ಕೆ ಸೇರಿಸಲೇಬೇಕಿತ್ತು, ಸೇರಿಸಿದರು. ವಿಚಾರಣೆಯ ದಿನ ಸಾಕ್ಷಿಯ ಕಟಕಟೆಯಲ್ಲಿ ಅದನ್ನು ಓದುತ್ತಾರೆ, ಜಯಕ್ಕ ಆರೋಪಿಯ ಜಾಗದಲ್ಲಿ ನಿಂತು ಕೇಳುತ್ತಾಳೆ. ಅದಕ್ಕೆ ಇನ್ನೂ ಒಂದೆರಡು ವರ್ಷ ಹಿಡಿಯಬಹುದು. ಜೀಪು ಹಿರಿಯೂರಿನ ನ್ಯಾಯಾಲಯದ ಕಡೆ ಹೊರಟಿತು. ದಾರಿಯುದ್ದಕ್ಕೂ ಅವಳು ಮಗನ ಎದೆಯ ಮೇಲೆ ಕೈಯಿಟ್ಟುಕೊಂಡೇ ಕೂತಿದ್ದಳು.